ಪಶು ಆಹಾರ ಮಿಲ್‌ಗೆ ಸಾಲ್ವರ್ ಬೇಕು: ದುಡ್ಡು ಕೊಟ್ಟು ತಗೊಳ್ಳೋದಾ, ಪುಕ್ಕಟೆಯದೇ ಸಾಕಾ?

ಹಿಂಡಿಬೂಸಾ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಜನರ ಪುಟ್ಟ ಸಾಫ್ಟ್‌ವೇರ್ ತಂಡ. ಇಲ್ಲಿನ ಒಂದು ಪಶು ಆಹಾರ ಮಿಲ್‌ಗೆ ಎರಡು ಕೆಲಸ ಮಾಡಿಕೊಡಬೇಕು. ಎರಡಕ್ಕೂ ಸಾಲ್ವರ್ ಬೇಕು, ಅಂದರೆ ಷರತ್ತುಗಳೊಳಗೆ ಅತಿ ಒಳ್ಳೆಯ ಉತ್ತರ ಹುಡುಕಿಕೊಡುವ ಸಾಫ್ಟ್‌ವೇರ್.

ಒಂದು, ಮಿಶ್ರಣದ ಲೆಕ್ಕ. ಮೆಕ್ಕೆಜೋಳ, ಸೋಯಾ ಹಿಂಡಿ, ಹತ್ತಿಕಾಳು ಹಿಂಡಿ, ಎಣ್ಣೆ ತೆಗೆದ ತೌಡು, ಗೋಧಿ ಬೂಸಾ, ಕಾಕಂಬಿ, ಉಪ್ಪು, ಖನಿಜ ಮಿಶ್ರಣ ಹೀಗೆ 24 ಕಚ್ಚಾ ಮಾಲು. ಪ್ರೋಟೀನ್ ಇಷ್ಟಿರಬೇಕು, ನಾರು ಇಷ್ಟು ಮೀರಬಾರದು, ಯೂರಿಯಾ ಶೇ 1 ದಾಟಬಾರದು ಅಂತ 15 ಷರತ್ತು. ಇದರಲ್ಲಿ ಅತಿ ಕಡಿಮೆ ಖರ್ಚಿನ ಮಿಶ್ರಣ ಯಾವುದು? ಎಪಿಎಂಸಿ ರೇಟು ದಿನಾ ಬದಲಾಗುತ್ತದೆ, ಹಾಗಾಗಿ ಲೆಕ್ಕವೂ ದಿನಾ ಓಡಬೇಕು.

ಎರಡು, ಲಾರಿ. ಸುಮಾರು 70 ಡೀಲರ್‌ಗಳಿಗೆ ಚೀಲ ಹೋಗಬೇಕು. ಯಾವ ಲಾರಿ ಯಾವ ದಾರಿ ಹಿಡಿಯಬೇಕು ಅನ್ನೋದು.

ಮೊನ್ನೆ ಒಬ್ಬ ಮಾರಾಟಗಾರರು ಬಂದು ವರ್ಷಕ್ಕೆ ಲಕ್ಷಗಳಲ್ಲಿ ಲೈಸೆನ್ಸ್ ಕೋಟ್ ಕೊಟ್ಟು ಹೋದರು. "ಪುಕ್ಕಟೆ ಸಾಲ್ವರ್‌ಗಳು ಕಾಲೇಜು ಹುಡುಗರ ಆಟಿಕೆ" ಅಂತಲೂ ಹೇಳಿದರು. ಮಾಲೀಕರು ನನ್ನ ಮುಖ ನೋಡಿದರು. ನಿಜವಾಗಿ ಕೆಲಸದಲ್ಲಿ ಬಳಸಿರುವವರು ಹೇಳಿ, ಏನು ಮಾಡೋಣ?

ಸಿಂಪ್ಲೆಕ್ಸ್ ಸೀನ (ಬೆಂಗಳೂರು)

ಮೊದಲನೇ ಕೆಲಸಕ್ಕೆ ಒಂದು ರೂಪಾಯಿ ಕೊಡಬೇಡಿ. ನೀವು ಹೇಳಿದ್ದು ಶುದ್ಧ ಲೀನಿಯರ್ ಪ್ರೋಗ್ರಾಮಿಂಗ್ (ಎಲ್‌ಪಿ), ಖರ್ಚು, ಷರತ್ತು ಎಲ್ಲ ಬರೀ ಗುಣಿಸಿ ಕೂಡಿಸುವ ಲೆಕ್ಕ. 24 ಚರ (ಕಂಡುಹಿಡಿಯಬೇಕಾದ ಪ್ರಮಾಣ), 15 ಷರತ್ತು ಅಂದರೆ ಯಾವ ಸಾಲ್ವರ್ ಆದರೂ ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಉತ್ತರ ಕೊಡುತ್ತದೆ.

ಈ ಲೆಕ್ಕ ಈ ವಿಷಯದಷ್ಟೇ ಹಳೆಯದು. 1945ರಲ್ಲಿ ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 77 ಆಹಾರ, 9 ಪೋಷಕಾಂಶ ಇಟ್ಟುಕೊಂಡು ಒಬ್ಬ ಮನುಷ್ಯನ ಅತಿ ಅಗ್ಗದ ಊಟ ಯಾವುದು ಅಂತ ಕೇಳಿದ. ಅಂದಾಜಿನಲ್ಲೇ ವರ್ಷಕ್ಕೆ 39.93 ಡಾಲರ್ ಅಂತ ತೆಗೆದ. 1947ರಲ್ಲಿ ಡಾಂಟ್‌ಜಿಗ್ ಅವರ ಸಿಂಪ್ಲೆಕ್ಸ್ ವಿಧಾನ ಬಂದ ಮೇಲೆ ಅದನ್ನೇ ಕೈಯಲ್ಲಿ ಲೆಕ್ಕ ಹಾಕಿಸಿದರು. ಒಂಬತ್ತು ಗುಮಾಸ್ತರು, ಒಟ್ಟು 120 ಆಳುದಿನದ ಕೆಲಸ. ಉತ್ತರ 39.69 ಡಾಲರ್. ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಒಂದು ಸೆಕೆಂಡಿನ ಕೆಲಸವೂ ಅಲ್ಲ.

ಅರ್ಧಂಬರ್ಧ

ಹಾಗಾದ್ರೆ ಲಕ್ಷಗಳು ಉಳಿದವು. ಪಾರ್ಟಿ ಎಲ್ಲಿ? ಬೆಣ್ಣೆ ದೋಸೆ ಆದರೂ ಸಾಕು.

ಕುಡ್ಲದ ಕೋಡರ್

ಸಾಲ್ವರ್ ಯಾಕೆ ಮಾರಾಯ್ರೆ, ಎಕ್ಸೆಲ್‌ನಲ್ಲೇ ಸಾಲ್ವರ್ ಉಂಟಲ್ಲ? ಮಾಲೀಕರಿಗೂ ಎಕ್ಸೆಲ್ ಗೊತ್ತಿರುತ್ತದೆ. ಹೊಸದೇನೂ ಕಲಿಸಬೇಕಾಗಿಲ್ಲ.

ಹಿಂಡಿಬೂಸಾ

@ಸೀನ ಸರ್, ಪೂರ್ತಿ ಕಥೆ ಹೇಳಲಿಲ್ಲ, ಈಗ ಹೇಳುತ್ತೇನೆ.

ಮಿಲ್‌ನಲ್ಲಿ ಬಿನ್ (ಕಚ್ಚಾ ಮಾಲು ತುಂಬಿಡುವ ತೊಟ್ಟಿ) ಇರುವುದು 12 ಮಾತ್ರ. ಅಂದರೆ 24 ಮಾಲಿನಲ್ಲಿ ಒಂದು ದಿನಕ್ಕೆ 12 ಮಾತ್ರ ಬಳಸಬಹುದು. ಇನ್ನೊಂದು, ಯಾವುದೇ ಮಾಲು ಹಾಕಿದರೆ ಕನಿಷ್ಠ ಅಷ್ಟು ಹಾಕಲೇಬೇಕು, ಇಲ್ಲ ಅಂದರೆ ಬೇಡವೇ ಬೇಡ. ತೂಕದ ಯಂತ್ರಕ್ಕೆ ತೀರಾ ಸಣ್ಣ ಪ್ರಮಾಣ ಹಿಡಿಯುವುದಿಲ್ಲ. ಮೇಲಾಗಿ ಆರು ಬಗೆಯ ಆಹಾರ ಮಾಡುತ್ತಾರೆ, ಆರಕ್ಕೂ ಅದೇ ಬಿನ್, ಅದೇ ಗೋದಾಮಿನ ಸ್ಟಾಕ್.

ಸಿಂಪ್ಲೆಕ್ಸ್ ಸೀನ

ಇದನ್ನು ಮೊದಲೇ ಹೇಳಬಾರದಾ! ಈಗ ಲೆಕ್ಕದ ಜಾತಿಯೇ ಬದಲಾಯಿತು.

"ಹಾಕು ಅಥವಾ ಬಿಡು" ಅನ್ನುವುದಕ್ಕೆ 0-1 ಚರ ಬೇಕು. ಆಗ ಅದು ಮಿಕ್ಸ್ಡ್ ಇಂಟಿಜರ್ ಪ್ರೋಗ್ರಾಮ್, ಎಂಐಪಿ. ಎಣಿಸಿ ನೋಡಿ. 24 ಮಾಲು × 6 ಆಹಾರ, 144 ಪ್ರಮಾಣಗಳು. ಪ್ರತಿಯೊಂದಕ್ಕೂ ಹಾಕು-ಬಿಡು ಅಂತ ಇನ್ನೊಂದು 144. ಯಾವ ಮಾಲಿಗೆ ಬಿನ್ ಕೊಡಬೇಕು ಅನ್ನಲು 24. ಒಟ್ಟು 312.

@ಕುಡ್ಲ, ಎಕ್ಸೆಲ್ ಜೊತೆ ಬರುವ ಸಾಲ್ವರ್‌ಗೆ 200 ಚರದ ಮಿತಿ ಇದೆ. ಇಲ್ಲಿಗೆ ಅದರ ಕಥೆ ಮುಗಿಯಿತು. ಎಕ್ಸೆಲ್ ಬಿಡಲೇಬಾರದು ಅಂದರೆ ಓಪನ್‌ಸಾಲ್ವರ್ ಅಂತ ಒಂದು ಆಡ್-ಇನ್ ಇದೆ. ಆಕ್ಲೆಂಡ್ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ. ಒಳಗೆ ಸಿಬಿಸಿ ಅನ್ನುವ ಪುಕ್ಕಟೆ ಸಾಲ್ವರ್ ಓಡುತ್ತದೆ, ಆ 200ರ ಮಿತಿ ಇಲ್ಲ.

ಇಷ್ಟಾದರೂ ನಿಮ್ಮದು ಎಂಐಪಿಯಲ್ಲಿ ಸಣ್ಣದೇ. ಪುಕ್ಕಟೆ ಸಾಲ್ವರ್‌ಗೆ ಭಾರವಾಗಲಿಕ್ಕಿಲ್ಲ. ಆದರೆ "ಲಿಕ್ಕಿಲ್ಲ" ಅಂತಷ್ಟೇ ಹೇಳಬಲ್ಲೆ. ಎಂಐಪಿಯಲ್ಲಿ ಗಾತ್ರ ನೋಡಿ ಕಷ್ಟ ಹೇಳಲು ಆಗುವುದಿಲ್ಲ. ಲಕ್ಷ ಚರದ್ದು ನಿಮಿಷದಲ್ಲಿ ಮುಗಿಯಬಹುದು, ಮುನ್ನೂರರದ್ದು ರಾತ್ರಿಯಿಡೀ ಒದ್ದಾಡಬಹುದು.

ಓಪನ್‌ಸೋರ್ಸ್ ಓಬವ್ವ (ಚಿತ್ರದುರ್ಗ)

"ಆಟಿಕೆ" ಅಂದವರನ್ನು ಒನಕೆ ಹಿಡಿದು ಹುಡುಕುತ್ತಿದ್ದೇನೆ.

ಹೈಸ್ (HiGHS) ಅನ್ನುವ ಪುಕ್ಕಟೆ ಸಾಲ್ವರ್ ನೋಡಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಎಂಐಟಿ ಲೈಸೆನ್ಸ್, ಅಂದರೆ ನಿಮ್ಮ ಗ್ರಾಹಕರಿಗೆ ಕಟ್ಟಿಕೊಟ್ಟರೂ ಯಾರೂ ಕೇಳುವುದಿಲ್ಲ. ಪೈಥಾನ್‌ನ ಲೆಕ್ಕದ ಲೈಬ್ರರಿ ಸೈಪೈ 2022ರ 1.9 ಆವೃತ್ತಿಯಿಂದ ಎಂಐಪಿ ಬಿಡಿಸಲು ಇದನ್ನೇ ಬಳಸುತ್ತದೆ. ಮ್ಯಾಟ್‌ಲ್ಯಾಬ್‌ನಂಥ ದುಬಾರಿ ಸಾಫ್ಟ್‌ವೇರ್ ಕೂಡ ಒಳಗೆ ಹೈಸ್ ಇಟ್ಟುಕೊಂಡಿದೆ. ಆಟಿಕೆಯಂತೆ!

ಸ್ಕಿಪ್ (SCIP) ಅನ್ನುವ ಸಾಲ್ವರ್ ಕೂಡ ಇದೆ. ಬರ್ಲಿನ್‌ನ ಝೂಸೆ (Zuse) ಇನ್‌ಸ್ಟಿಟ್ಯೂಟ್‌ನದ್ದು. ಮೊದಲು ಓದುವವರಿಗೆ ಮಾತ್ರ ಪುಕ್ಕಟೆ ಇತ್ತು. 2022ರ ಕೊನೆಯಲ್ಲಿ ಅಪಾಚೆ ಲೈಸೆನ್ಸ್‌ಗೆ ಬಂತು, ಈಗ ಕಂಪನಿಗಳೂ ಬಳಸಬಹುದು. ಹಳೆಯ ಬ್ಲಾಗ್ ಓದಿ "ಸ್ಕಿಪ್ ವ್ಯಾಪಾರಕ್ಕೆ ಬಳಸಂಗಿಲ್ಲ" ಅನ್ನುವವರು ಇನ್ನೂ ಇದ್ದಾರೆ, ನಂಬಬೇಡಿ.

ಜಿಎಲ್‌ಪಿಕೆ ಅನ್ನುವ ಇನ್ನೊಂದು ಪುಕ್ಕಟೆ ಸಾಲ್ವರ್ ಮಾತ್ರ ಈಗ ಬೇಡ. ಕಲಿಯಲು ಚೆನ್ನ, ಆದರೆ ಎಂಐಪಿಗೆ ಬಹಳ ನಿಧಾನ.

ಮ್ಯೂನಿಕ್ ಮಂಜಿ

ನಾನು ಸ್ವಲ್ಪ ಉಲ್ಟಾ ಹೊಡೆಯುತ್ತೇನೆ, ಬೈಬೇಡಿ.

ನಾನಿರುವುದು ಸರಕು ಸಾಗಣೆ ಕಂಪನಿಯಲ್ಲಿ. ನಮ್ಮಲ್ಲಿ ದುಡ್ಡು ಕೊಟ್ಟ ಸಾಲ್ವರ್ ಇದೆ, ಅದು ತನ್ನ ಖರ್ಚನ್ನು ತಾನೇ ದುಡಿಯುತ್ತದೆ. ಪುಕ್ಕಟೆಯದು ಆಟಿಕೆ ಅನ್ನೋದು ಸುಳ್ಳು. ಹಾಗಂತ ಎರಡೂ ಒಂದೇ ಅನ್ನೋದೂ ಸುಳ್ಳೇ. ಕಷ್ಟದ ಎಂಐಪಿಯಲ್ಲಿ ದುಡ್ಡಿನ ಸಾಲ್ವರ್‌ಗಳಾದ ಗುರೋಬಿ, ಸಿಪ್ಲೆಕ್ಸ್, ಎಕ್ಸ್‌ಪ್ರೆಸ್ ಮೂರೂ ಪುಕ್ಕಟೆಯವುಗಳಿಗಿಂತ ಎಷ್ಟೋ ಪಟ್ಟು ವೇಗ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಹ್ಯಾನ್ಸ್ ಮಿಟ್ಟಲ್‌ಮನ್ ವರ್ಷಗಳಿಂದ ಸಾಲ್ವರ್‌ಗಳನ್ನು ಓಡಿಸಿ ಪಟ್ಟಿ ಹಾಕುತ್ತಾ ಬಂದಿದ್ದಾರೆ. ಅವರ ಹಳೆಯ ಪಟ್ಟಿಗಳನ್ನು ನೋಡಿದರೆ ಗೊತ್ತಾಗುತ್ತದೆ.

ದುಡ್ಡು ಯಾವುದಕ್ಕೆ ಅನ್ನುವುದೂ ತಿಳಿದಿರಲಿ. ರಾಬರ್ಟ್ ಬಿಕ್ಸ್‌ಬಿ ಸಿಪ್ಲೆಕ್ಸ್ ಕಟ್ಟಿದವರು. 1997ರಲ್ಲಿ ಐಲಾಗ್ ಅದನ್ನು ಕೊಂಡಿತು, ಆಮೇಲೆ ಐಲಾಗನ್ನೇ ಐಬಿಎಂ ನುಂಗಿತು. 2008ರಲ್ಲಿ ಬಿಕ್ಸ್‌ಬಿ, ಗು, ರಾಥ್‌ಬರ್ಗ್ ಮೂವರೂ ಸೇರಿ ಗುರೋಬಿ ಮಾಡಿದರು. 1991ರಿಂದ 2007ರ ಒಳಗೆ, ಕಂಪ್ಯೂಟರ್ ವೇಗ ಬದಿಗಿಟ್ಟು ಬರೀ ಲೆಕ್ಕದ ಜಾಣತನದಿಂದ ಸಿಪ್ಲೆಕ್ಸ್‌ನ ಎಂಐಪಿ ಸುಮಾರು 29 ಸಾವಿರ ಪಟ್ಟು ವೇಗವಾಯಿತು ಅಂತ ಬಿಕ್ಸ್‌ಬಿಯೇ ಲೆಕ್ಕ ಕೊಟ್ಟಿದ್ದಾರೆ. ಸಾವಿರಾರು ಸಣ್ಣ ಸಣ್ಣ ಉಪಾಯ ಒಟ್ಟು ಸೇರಿ ಆದದ್ದು ಅದು. ಬೆಲೆ ಅದಕ್ಕೇ.

ಓಪನ್‌ಸೋರ್ಸ್ ಓಬವ್ವ

ಮಂಜಿ ಅಕ್ಕ, ಪಟ್ಟಿಯ ಹೆಸರು ತೆಗೆದಿರಿ, ಇನ್ನು ನಾನು ಸುಮ್ನಿರಲ್ಲ. 2018ರಲ್ಲಿ ಅದೇ ಪಟ್ಟಿಯ ಅಂಕಿಗಳನ್ನು ಜಾಹೀರಾತಿಗೆ ಬಳಸಿದ್ದಕ್ಕೆ ಜಗಳ ಆಗಿ, ದೊಡ್ಡ ಕಂಪನಿಗಳು ತಮ್ಮ ಹೆಸರನ್ನೇ ಪಟ್ಟಿಯಿಂದ ತೆಗೆಸಿದವಲ್ಲ? ಬೇರೆಯವರ ಲೆಕ್ಕದಲ್ಲಿ ಯಾರು ಮೊದಲು ಬಂದರು ಅನ್ನುವುದು ದಾವಣಗೆರೆಯ ಮಿಲ್‌ಗೆ ಯಾಕೆ ಬೇಕು?

ಮ್ಯೂನಿಕ್ ಮಂಜಿ

ಅದು ಒಪ್ಪಿದೆ. ಸ್ವಂತ ಡೇಟಾ ಮೇಲೆ ಓಡಿಸಿಯೇ ತೀರ್ಮಾನಿಸಬೇಕು. ಅದಕ್ಕೆ ದಾರಿ ಸುಲಭ ಇದೆ.

ಮಾಡೆಲನ್ನು, ಅಂದರೆ ನಿಮ್ಮ ಲೆಕ್ಕದ ಚರ-ಷರತ್ತುಗಳನ್ನು, ಒಂದೇ ಸಾಲ್ವರ್‌ನ ಭಾಷೆಯಲ್ಲಿ ಬರೆಯಬೇಡಿ. ಮಾಡೆಲ್ ಬರೆಯಲೆಂದೇ ಇರುವ ಲೈಬ್ರರಿಗಳಿವೆ: ಪೈಥಾನ್‌ನಲ್ಲಿ ಪಲ್ಪ್, ಪಯೋಮೊ, ಜೂಲಿಯಾ ಭಾಷೆ ಬಂದರೆ ಜಂಪ್, ಇವುಗಳಲ್ಲಿ ಒಂದರಲ್ಲಿ ಬರೆಯಿರಿ. ಸಾಲ್ವರ್ ಬದಲಾಯಿಸುವುದು ಆಗ ಒಂದು ಸಾಲಿನ ಕೆಲಸ. ಆಮೇಲೆ ನಿಮ್ಮ ನಿಜವಾದ ದಿನಗಳ ಮಾಡೆಲ್‌ಗಳನ್ನು ಎಂಪಿಎಸ್ ಫೈಲ್ ಆಗಿ ಉಳಿಸಿಡಿ. ಐಬಿಎಂ ಕಾಲದ ಹಳೇ ಫಾರ್ಮ್ಯಾಟ್, ನೋಡಲು ಪಂಚ್ ಕಾರ್ಡ್ ತರಹ ಇದೆ, ಆದರೆ ಈ ಸಾಲ್ವರ್‌ಗಳೆಲ್ಲ ಓದುತ್ತವೆ. ಮಾರಾಟಗಾರರು ಬಂದಾಗ ಆ ಫೈಲ್ ಕೈಗೆ ಕೊಟ್ಟು "ಇದನ್ನು ಓಡಿಸಿ ತೋರಿಸಿ" ಅನ್ನಿ. ಸ್ಲೈಡ್ ನೋಡಬೇಡಿ.

ಆರಿಸುವಾಗ ಒಳ್ಳೆಯ ದಿನದ ಡೇಟಾ ಮಾತ್ರ ಆರಿಸಬೇಡಿ. ಸ್ಟಾಕ್ ಕಮ್ಮಿ ಇದ್ದ ದಿನ, ರೇಟು ಎದ್ದ ದಿನ, ಎರಡು ಬಿನ್ ಕೆಟ್ಟಿದ್ದ ದಿನ, ಎಲ್ಲ ಇರಲಿ.

ಲೆಕ್ಕದ ಮೇಷ್ಟ್ರು (ಧಾರವಾಡ)

ಮಂಜಿ ಅವರ ಮಾತಿಗೆ ಒಂದು ಸೇರ್ಪಡೆ ರೀ. ನಿಯೋಸ್ ಅಂತ ಒಂದು ಪುಕ್ಕಟೆ ಸರ್ವರ್ ಇದೆ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ನಡೆಸುತ್ತಾರೆ. ಫೈಲ್ ಕಳಿಸಿದರೆ ಬೇರೆ ಬೇರೆ ಸಾಲ್ವರ್‌ನಲ್ಲಿ ಓಡಿಸಿ ಉತ್ತರ ಕಳಿಸುತ್ತದೆ. ನಮ್ಮ ವಿದ್ಯಾರ್ಥಿಗಳು ಅದರಲ್ಲೇ ಕಲಿತದ್ದು. ಆದರೆ ಕಂಪನಿಯ ಡೇಟಾ ಹಾಕುವ ಮುಂಚೆ ಷರತ್ತು ಓದಿರಿ. ಮಿಲ್‌ನ ಫಾರ್ಮುಲಾ ಅಂದರೆ ಅವರ ಗುಟ್ಟು, ಹೊರಗಿನ ಸರ್ವರ್‌ಗೆ ಕಳಿಸುವುದು ಸರಿಯಲ್ಲ.

ಪುಕ್ಕಟೆ ಪುಟ್ಟಸ್ವಾಮಿ

ಇಷ್ಟೆಲ್ಲ ತಲೆನೋವು ಯಾಕೆ? ಗುರೋಬಿ ಕಾಲೇಜಿನವರಿಗೆ ಫ್ರೀ ಕೊಡುತ್ತದೆ. ಎಂಜಿನಿಯರಿಂಗ್ ಓದೋ ತಮ್ಮನೋ ತಂಗಿಯೋ ಇದ್ದರೆ ಅವರ ಹೆಸರಲ್ಲಿ ತಗೊಳ್ಳಿ. ಯಾರಿಗೆ ಗೊತ್ತಾಗುತ್ತದೆ?

ಪರವಾನಗಿ ಪಾಟೀಲ

ಸ್ವಾಮೀ, ಇದು ಕಳ್ಳತನ. ಆ ಲೈಸೆನ್ಸ್ ಓದು ಮತ್ತು ಸಂಶೋಧನೆಗೆ ಮಾತ್ರ. ಮಿಲ್ ಅದರಿಂದ ದುಡ್ಡು ಮಾಡಿದರೆ ಮಾತು ಮುರಿದಂತೆ. ನಾಳೆ ಸಿಕ್ಕಿಬಿದ್ದರೆ ಮಿಲ್‌ನವರು ಹಿಡಿಯುವುದು ಇವರ ಕುತ್ತಿಗೆಯನ್ನೇ.

ಗುರೋಬಿ ಪೈಥಾನ್ ಪ್ಯಾಕೇಜ್ ಜೊತೆ ಬರುವ ಲೈಸೆನ್ಸ್‌ಗೆ 2000 ಚರ, 2000 ಷರತ್ತಿನ ಮಿತಿ. ಸಿಪ್ಲೆಕ್ಸ್‌ನ ಪುಕ್ಕಟೆ ಆವೃತ್ತಿಗೆ 1000, 1000. ನಿಮ್ಮ 312 ಅದರೊಳಗೆ ಕೂರುತ್ತದೆ. ಹೋಲಿಸಿ ನೋಡಲು ಚೆನ್ನ. ದಿನದ ಕೆಲಸಕ್ಕೆ ಇಳಿಸುವ ಮುಂಚೆ ಮಾತ್ರ ಷರತ್ತನ್ನು ಸಾಲು ಸಾಲಾಗಿ ಓದಿ.

ಪುಕ್ಕಟೆಯವುಗಳಲ್ಲೂ ವ್ಯತ್ಯಾಸ ಇದೆ. ಜಿಎಲ್‌ಪಿಕೆ ಜಿಪಿಎಲ್ ಅಡಿಯಲ್ಲಿದೆ. ಅದನ್ನು ಒಳಗೆ ಜೋಡಿಸಿದ ಸಾಫ್ಟ್‌ವೇರನ್ನು ಗ್ರಾಹಕರ ಕೈಗೆ ಕೊಟ್ಟರೆ ನಿಮ್ಮ ಕೋಡ್ ಕೂಡ ಅದೇ ಷರತ್ತಿಗೆ ಬರುತ್ತದೆ. ನಿಮ್ಮ ಸರ್ವರ್‌ನಲ್ಲೇ ಇಟ್ಟು ಓಡಿಸಿದರೆ ಆ ತಾಪತ್ರಯ ಇಲ್ಲ. ಹೈಸ್, ಸ್ಕಿಪ್, ಗೂಗಲ್‌ನ ಓಆರ್-ಟೂಲ್ಸ್ ಮೂರಕ್ಕೂ ಈ ಚಿಂತೆಯೇ ಇಲ್ಲ.

ಪುಕ್ಕಟೆ ಪುಟ್ಟಸ್ವಾಮಿ

ಆಯ್ತು ಮಾರಾಯ, ಸುಮ್ನೆ ಹೇಳಿದೆ.

ಗೋಮಾಳ (ಪಶುವೈದ್ಯ, ಹಾಸನ)

ನನಗೆ ನಿಮ್ಮ ಸಾಲ್ವರ್ ಗೊತ್ತಿಲ್ಲ, ಹಸು ಗೊತ್ತು. ಎರಡು ಮಾತು ಹೇಳುತ್ತೇನೆ.

ಮೊದಲನೆಯದು ಯೂರಿಯಾ. ಅದರಲ್ಲಿ ಸಾರಜನಕ ಶೇ 46. ಲ್ಯಾಬಿನವರು ಸಾರಜನಕವನ್ನು 6.25ರಿಂದ ಗುಣಿಸಿ ಪ್ರೋಟೀನ್ ಅನ್ನುತ್ತಾರೆ. ಅಂದರೆ ಕಾಗದದ ಮೇಲೆ ಯೂರಿಯಾದಲ್ಲಿ ಪ್ರೋಟೀನ್ ಶೇ 287! ನಿಮ್ಮ ಕಂಪ್ಯೂಟರ್‌ಗೆ ಹೊಟ್ಟೆ ಇಲ್ಲ. ಅಗ್ಗದ ಪ್ರೋಟೀನ್ ಅಂತ ನುಗ್ಗಿ ಮಿತಿಯ ತುದಿಯವರೆಗೂ ಅದನ್ನೇ ಸುರಿಯುತ್ತದೆ. ಶೇ 1 ಅನ್ನುವುದು ಮೇಲಿನ ಗೆರೆ. ಅಲ್ಲಿಗೆ ಹೋಗಿ ಕೂರಲೇಬೇಕು ಅಂತೇನಿಲ್ಲ. ಚೆನ್ನಾಗಿ ಬೆರೆಯದೆ ಒಂದೇ ಚೀಲಕ್ಕೆ ಗಂಟು ಬಿದ್ದರೆ ಆ ಚೀಲ ತಿಂದ ಹಸುವಿನ ಗತಿ?

ಎರಡನೆಯದು, ನೀವು ಹಾಕುವ ಅಂಕಿ ಎಲ್ಲಿಂದ ಬಂತು? ಪುಸ್ತಕದ ಟೇಬಲ್‌ನಿಂದಲಾ, ಲ್ಯಾಬಿನಿಂದಲಾ? ಮೆಕ್ಕೆಜೋಳದ ಪ್ರೋಟೀನ್ ಲಾರಿಯಿಂದ ಲಾರಿಗೆ ಬೇರೆ. ಮಳೆಗೆ ಸಿಕ್ಕ ಜೋಳದಲ್ಲಿ ತೇವ ಜಾಸ್ತಿ, ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ. ಅದು ಹಾಲಿಗೂ ಇಳಿಯುತ್ತದೆ. ಅಂಕಿ ತಪ್ಪಿದ್ದರೆ ಲಕ್ಷ ರೂಪಾಯಿಯ ಸಾಲ್ವರ್ ಕೂಡ ತಪ್ಪು ಉತ್ತರವನ್ನೇ ಬೇಗ ಕೊಡುತ್ತದೆ.

ಅರ್ಧಂಬರ್ಧ

ಡಾಕ್ಟ್ರೇ, ಕೊನೆಯ ಸಾಲು ಫ್ರೇಮ್ ಹಾಕಿಸಬೇಕು.

ಲೆಕ್ಕದ ಮೇಷ್ಟ್ರು

ಗೋಮಾಳ ಅವರು ಹೇಳಿದ್ದು ಬಹಳ ಆಳದ ಮಾತು. ಅದಕ್ಕೆ ಲೆಕ್ಕದಲ್ಲಿ ಉತ್ತರ ಇದೆ.

ಲೀನಿಯರ್ ಪ್ರೋಗ್ರಾಮಿನ ಉತ್ತರ ಸಾಮಾನ್ಯವಾಗಿ ಷರತ್ತುಗಳ ಗೆರೆ ಕೂಡುವ ಮೂಲೆಯಲ್ಲಿ ಹೋಗಿ ಕೂರುತ್ತದೆ. ಪ್ರೋಟೀನ್ ಕನಿಷ್ಠ ಶೇ 20 ಅಂದರೆ ಉತ್ತರ ಹೆಚ್ಚಾಗಿ ಸರಿಯಾಗಿ 20ಕ್ಕೇ ಬರುತ್ತದೆ, 20.3 ಅಲ್ಲ. ಈಗ ಮಾಲಿನ ಗುಣ ಮೇಲೆ ಕೆಳಗೆ ಆಗುತ್ತಿದ್ದರೆ ಏನಾಗುತ್ತದೆ? ಸರಾಸರಿ 20 ಅಂದರೆ ಹೆಚ್ಚುಕಮ್ಮಿ ಅರ್ಧ ಚೀಲ 20ಕ್ಕಿಂತ ಕೆಳಗೇ!

1963ರಲ್ಲೇ ಫಾನ್ ಡಿ ಪಾನ್ ಮತ್ತು ಪಾಪ್ ಅನ್ನುವವರು ಇದೇ ದನದ ಆಹಾರ, ಇದೇ ಪ್ರೋಟೀನ್ ಇಟ್ಟುಕೊಂಡು ಪ್ರಬಂಧ ಬರೆದಿದ್ದಾರೆ. "20 ಇರಬೇಕು" ಅನ್ನುವ ಬದಲು "ನೂರರಲ್ಲಿ 95 ಸಲ 20 ಇರಬೇಕು" ಅನ್ನುವ ಷರತ್ತು. ಮಿಶ್ರಣದ ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಷನ್) ಶೇ 0.5 ಅಂತ ಇಟ್ಟುಕೊಂಡರೆ, 1.645ರಿಂದ ಗುಣಿಸಿ, ಗುರಿಯನ್ನು 20.82ಕ್ಕೆ ಏರಿಸಬೇಕು. ಸುಲಭದ ದಾರಿ ಇಷ್ಟೇ, ಮಾಡೆಲ್ ಮೊದಲಿನಂತೇ ಉಳಿಯುತ್ತದೆ.

ಆದರೆ ಏರಿಳಿತ ಯಾವ ಮಾಲು ಎಷ್ಟು ಹಾಕಿದಿರಿ ಅನ್ನುವುದರ ಮೇಲೂ ನಿಂತಿದೆ. ಅದನ್ನೂ ಸರಿಯಾಗಿ ಬರೆದರೆ ವರ್ಗಮೂಲ ಒಳಗೆ ಬರುತ್ತದೆ, ಲೀನಿಯರ್ ಅಲ್ಲದ ಕೋನ್ ಪ್ರೋಗ್ರಾಮ್ ಅನ್ನುವ ಜಾತಿಗೆ ಹೋಗುತ್ತದೆ. ಆಗ ಹೈಸ್ ಕೈಚೆಲ್ಲುತ್ತದೆ. ಕೋನ್‌ಗೆ ಮೋಸೆಕ್ ಅನ್ನುವ ಸಾಲ್ವರ್ ಹೆಸರುವಾಸಿ, ಅದಕ್ಕೆ ದುಡ್ಡು. ಕ್ಲಾರಾಬೆಲ್ ಪುಕ್ಕಟೆ, ಆದರೆ 0-1 ಚರ ನೋಡಿಕೊಳ್ಳುವುದಿಲ್ಲ. ಎರಡೂ ಬೇಕು ಅಂದರೆ ಸ್ಕಿಪ್. ಸಾಲ್ವರ್ ಆರಿಸುವಾಗ ಮೊದಲು ಕೇಳಬೇಕಾದ್ದು ಇದೇ ರೀ: ನನ್ನ ಲೆಕ್ಕ ಯಾವ ಜಾತಿಯದು, ನಾಳೆ ಯಾವ ಜಾತಿಗೆ ಹೋದೀತು?

ಹಿಂಡಿಬೂಸಾ

ಮೇಷ್ಟ್ರೇ, 20.82ರ ದಾರಿ ಸಾಕು ನಮಗೆ. ವರ್ಗಮೂಲ ಅಂದರೆ ಮಾಲೀಕರು ನಮ್ಮನ್ನೇ ಬದಲಾಯಿಸುತ್ತಾರೆ.

ಡಾಕ್ಟ್ರೇ, ಈಗಿರುವುದು ಟೇಬಲ್ ಅಂಕಿ. ಮಿಲ್‌ನಲ್ಲಿ ಲ್ಯಾಬ್ ಇದೆ, ಲಾರಿ ಬಂದಾಗಲೆಲ್ಲ ಸ್ಯಾಂಪಲ್ ತೆಗೆಯುತ್ತಾರೆ, ಆದರೆ ರಿಪೋರ್ಟ್ ರಿಜಿಸ್ಟರ್‌ನಲ್ಲೇ ಮಲಗಿದೆ. ಅದನ್ನು ಜೋಡಿಸುತ್ತೇವೆ.

ಇನ್ನೊಂದು ಪ್ರಶ್ನೆ. ಮಾಲೀಕರು ಕೇಳುವುದು ಮಿಶ್ರಣವನ್ನಲ್ಲ. "ಹತ್ತಿಕಾಳು ಹಿಂಡಿ ಎಷ್ಟಕ್ಕೆ ಇಳಿದರೆ ನಾನು ಕೊಳ್ಳಬೇಕು?" ಅಂತ ಕೇಳುತ್ತಾರೆ. ಇದಕ್ಕೆ ಬೇರೆ ಬೇರೆ ರೇಟು ಹಾಕಿ ಮತ್ತೆ ಮತ್ತೆ ಓಡಿಸಬೇಕಾ?

ಸಿಂಪ್ಲೆಕ್ಸ್ ಸೀನ

ಇಲ್ಲ! ಇದೇ ಸಾಲ್ವರ್‌ನ ನಿಜವಾದ ಮಜಾ. ನಿಮ್ಮ ಮಾಲೀಕರು ಜಾಣರು.

ಎಲ್‌ಪಿ ಬಿಡಿಸಿದ ಮೇಲೆ ಉತ್ತರದಲ್ಲಿ ಸೊನ್ನೆ ಬಂದ ಪ್ರತಿ ಮಾಲಿಗೂ ಒಂದು ರೆಡ್ಯೂಸ್ಡ್ ಕಾಸ್ಟ್ ಇರುತ್ತದೆ. ಹತ್ತಿಕಾಳು ಹಿಂಡಿಗೆ ಕೆಜಿಗೆ 2.40 ಅಂತ ಬಂತು ಅನ್ನಿ. ಇವತ್ತಿನ ರೇಟಿಗಿಂತ 2 ರೂಪಾಯಿ 40 ಪೈಸೆ ಇಳಿಯುವವರೆಗೆ ಅದನ್ನು ಮುಟ್ಟಬೇಡಿ ಅಂತ ಅರ್ಥ. ಹಾಗೆಯೇ ಪ್ರತಿ ಷರತ್ತಿಗೂ ಶ್ಯಾಡೋ ಪ್ರೈಸ್ ಇದೆ. ಪ್ರೋಟೀನ್ ಮಿತಿ ಶೇ 1 ಏರಿಸಿದರೆ ಟನ್ನಿಗೆ ಎಷ್ಟು ಖರ್ಚು ಏರುತ್ತದೆ ಅನ್ನುವುದು ಅಲ್ಲೇ ಸಿಗುತ್ತದೆ. ಎಪಿಎಂಸಿಗೆ ಹೋಗುವ ಖರೀದಿ ಮ್ಯಾನೇಜರ್‌ಗೆ ಮಿಶ್ರಣದ ಹಾಳೆಗಿಂತ ಈ ಹಾಳೆ ಮುಖ್ಯ.

ಒಂದು ಎಚ್ಚರಿಕೆ. 0-1 ಚರ ಬಂದ ಕೂಡಲೇ ಈ ಅಂಕಿಗಳು ಅರ್ಥ ಕಳೆದುಕೊಳ್ಳುತ್ತವೆ. ಮೊದಲು ಎಂಐಪಿ ಬಿಡಿಸಿ, ಯಾವ ಬಿನ್‌ಗೆ ಯಾವ ಮಾಲು ಅಂತ ಬಂದದ್ದನ್ನು ಗಟ್ಟಿಮಾಡಿ, ಅದನ್ನೇ ಎಲ್‌ಪಿಯಾಗಿ ಮತ್ತೊಮ್ಮೆ ಬಿಡಿಸಿ. ಆಗ ಸಿಗುವ ಅಂಕಿ ಆ ಬಿನ್ ಹಂಚಿಕೆಯ ಮಟ್ಟಿಗೆ ಮಾತ್ರ ಸರಿ. ಬಿನ್ ಸಿಗದ ಮಾಲಿನ ಬಗ್ಗೆ ತಿಳಿಯಬೇಕಿದ್ದರೆ ರೇಟು ಬದಲಾಯಿಸಿ ಮತ್ತೆ ಓಡಿಸುವುದೇ ದಾರಿ.

ಕುಡ್ಲದ ಕೋಡರ್

ನಾವು ಓಆರ್-ಟೂಲ್ಸ್‌ನ ಸಿಪಿ-ಸ್ಯಾಟ್ ಸಾಲ್ವರ್ ಬಳಸುತ್ತೇವೆ, ಬೆಂಕಿ ವೇಗ. ಅದನ್ನೇ ಹಾಕಿ, ಒಂದೇ ಪ್ಯಾಕೇಜಲ್ಲಿ ಎರಡೂ ಕೆಲಸ ಮುಗಿಯುತ್ತದೆ.

ಸಿಂಪ್ಲೆಕ್ಸ್ ಸೀನ

ಮಿಶ್ರಣಕ್ಕೆ ಬೇಡ. ಸಿಪಿ-ಸ್ಯಾಟ್‌ಗೆ ಪೂರ್ಣಾಂಕ ಮಾತ್ರ ಗೊತ್ತು. ಶೇ 8.73 ಅನ್ನಲು ಎಲ್ಲವನ್ನೂ ನೂರರಿಂದಲೋ ಸಾವಿರದಿಂದಲೋ ಗುಣಿಸಬೇಕು. ಆಗಲೇ ಹೇಳಿದ ಶ್ಯಾಡೋ ಪ್ರೈಸ್ ಅದರಲ್ಲಿ ಸಿಗುವುದೂ ಇಲ್ಲ. ಪಾಳಿ ಹಾಕುವುದು, ಟೈಮ್‌ಟೇಬಲ್, ಯಾವ ಯಂತ್ರಕ್ಕೆ ಯಾವ ಕೆಲಸ, ಇಂಥವಕ್ಕೆ ಅದು ರಾಜ. ಮಿಶ್ರಣಕ್ಕೆ ಹೈಸ್.

ಕುಡ್ಲದ ಕೋಡರ್

ಸರಿ, ಅದು ನಿಮ್ಮ ಏರಿಯಾ. ಆದರೆ ಬಿಗ್-ಎಂ ಬಗ್ಗೆ ಹೇಳದೆ ಬಿಡುವುದಿಲ್ಲ.

"ಹಾಕು-ಬಿಡು" ಬರೆಯುವಾಗ ಎಲ್ಲರೂ ಏನು ಮಾಡುತ್ತಾರೆ? ಪ್ರಮಾಣ ≤ ಎಂ × 0-1 ಚರ, ಎಂ ಅಂದರೆ ದೊಡ್ಡ ಸಂಖ್ಯೆ ಅಂತ 10 ಲಕ್ಷ ಹಾಕಿ ಕೈತೊಳೆದುಕೊಳ್ಳುತ್ತಾರೆ. ಸಾಲ್ವರ್‌ಗೆ 0 ಅಂದರೆ ಪೂರ್ತಿ 0 ಅಲ್ಲ. ಗುರೋಬಿಯಲ್ಲಿ ಡೀಫಾಲ್ಟ್ ಆಗಿ 0.00001ರಷ್ಟು ಆಚೀಚೆ ಇದ್ದರೂ ಪೂರ್ಣಾಂಕ ಅಂತಲೇ ಒಪ್ಪಿಕೊಳ್ಳುತ್ತದೆ. 10 ಲಕ್ಷ × 0.00001 ಎಷ್ಟು? 10 ಕೆಜಿ. "ಯೂರಿಯಾ ಹಾಕಿಲ್ಲ" ಅಂತ ರಿಪೋರ್ಟ್, ಮಿಶ್ರಣದಲ್ಲಿ 10 ಕೆಜಿ ಯೂರಿಯಾ! ಯಾವ ಸಾಲ್ವರ್ ಕೊಂಡರೂ ಇದು ತಪ್ಪುವುದಿಲ್ಲ.

ಎಂ ಜಾಗಕ್ಕೆ ಆ ಮಾಲು ಆ ಬ್ಯಾಚ್‌ಗೆ ಅತಿ ಹೆಚ್ಚು ಎಷ್ಟು ಹೋಗಬಹುದೋ ಅಷ್ಟನ್ನೇ ಹಾಕಿ. ಯೂರಿಯಾಗೆ ಟನ್ನಿಗೆ 10 ಕೆಜಿಯೇ ಮಿತಿ ಅಲ್ವಾ, ಹಾಗಾದರೆ ಎಂ ಕೂಡ 10. ವೇಗವೂ ಹೆಚ್ಚುತ್ತದೆ.

ಮ್ಯೂನಿಕ್ ಮಂಜಿ

ಇದನ್ನು ಪಿನ್ ಮಾಡಿ. ಮಾಡೆಲ್ ಬಿಗಿ ಮಾಡಿದರೆ ಸಿಗುವ ವೇಗ ಎಷ್ಟೋ ಸಲ ಲೈಸೆನ್ಸ್ ಕೊಂಡರೂ ಸಿಗುವುದಿಲ್ಲ. (ದುಡ್ಡು ಕೊಡುವ ಪಕ್ಷದವಳೇ ಹೇಳುತ್ತಿದ್ದೇನೆ.)

ಅಳತೆಯ ಮಾನವೂ ನೋಡಿಕೊಳ್ಳಿ. ಒಂದು ಸಾಲಿನಲ್ಲಿ ಟನ್, ಇನ್ನೊಂದರಲ್ಲಿ ಮಿಲಿಗ್ರಾಂ ಇದ್ದರೆ ಸಾಲ್ವರ್ ತಡವರಿಸುತ್ತದೆ. ಇನ್ನು ಗ್ಯಾಪ್, ಅಂದರೆ ಸಿಕ್ಕ ಉತ್ತರ ಅತ್ಯುತ್ತಮದಿಂದ ಹೆಚ್ಚೆಂದರೆ ಎಷ್ಟು ದೂರ ಇರಬಹುದು ಅನ್ನುವ ಅಂಕಿ. ಗುರೋಬಿ, ಹೈಸ್ ಎರಡರಲ್ಲೂ ಡೀಫಾಲ್ಟ್ ಶೇ 0.01. ಲ್ಯಾಬಿನ ಅಂಕಿಯೇ ಅಷ್ಟು ನಿಖರ ಇಲ್ಲದಾಗ ಅಷ್ಟರವರೆಗೆ ಓಡಿಸುವುದು ಯಾಕೆ? ಶೇ 0.1ಕ್ಕೆ ನಿಲ್ಲಿಸಿ.

ಹಿಂಡಿಬೂಸಾ

ಎಲ್ಲರಿಗೂ ಥ್ಯಾಂಕ್ಸ್. ಲಾರಿ ವಿಷಯಕ್ಕೆ ಯಾರೂ ಬರಲೇ ಇಲ್ಲ.

ಕುಡ್ಲದ ಕೋಡರ್

ಬಂದೆ ಬಂದೆ. ಅಲ್ಲಿ ಎಂಐಪಿ ಬರೆಯಲು ಹೋಗಬೇಡಿ. 70 ಡೀಲರ್, ಹಲವು ಲಾರಿ, ಪುಸ್ತಕದಲ್ಲಿರುವ ಮಿಲ್ಲರ್-ಟಕರ್-ಝೆಮ್ಲಿನ್ ಷರತ್ತು ಹಾಕಿ ಬರೆದರೆ ದುಬಾರಿ ಸಾಲ್ವರ್ ಕೂಡ ಬೆವರುತ್ತದೆ. ಓಆರ್-ಟೂಲ್ಸ್‌ನಲ್ಲಿ ದಾರಿ ಹುಡುಕಲೆಂದೇ ಬೇರೆ ಭಾಗ ಇದೆ. ವ್ರೂಮ್ ಅಂತ ಇನ್ನೊಂದು ಇದೆ. ಎರಡೂ ಪುಕ್ಕಟೆ. ಇದಕ್ಕಿಂತ ಒಳ್ಳೆಯದು ಇಲ್ಲವೇ ಇಲ್ಲ ಅಂತ ಅವು ಸಾಬೀತು ಮಾಡುವುದಿಲ್ಲ, ಆದರೆ ಬೇಗ ಒಳ್ಳೆಯ ದಾರಿ ಕೊಡುತ್ತವೆ. ದೂರದ ಲೆಕ್ಕಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಓಎಸ್‌ಆರ್‌ಎಂ ಕೂರಿಸಿ.

ಸಿಂಪ್ಲೆಕ್ಸ್ ಸೀನ

ಒಪ್ಪಿದೆ. ಸಾಬೀತು ಮಾಡಲು ಆಗುವುದೇ ಇಲ್ಲ ಅಂತಲ್ಲ. ಒಬ್ಬನೇ ಸುತ್ತುವ ಸೇಲ್ಸ್‌ಮನ್ ಲೆಕ್ಕವನ್ನು 2006ರಲ್ಲಿ 85,900 ಜಾಗಗಳಿಗೆ ಪಕ್ಕಾ ಬಿಡಿಸಿದ್ದಾರೆ. ಆ ತಂಡದಲ್ಲೂ ಬಿಕ್ಸ್‌ಬಿ ಇದ್ದರು. ಆದರೆ ಅದು ಸಂಶೋಧನೆ. ಮಿಲ್‌ಗೆ ಬೆಳಿಗ್ಗೆ ಆರಕ್ಕೆ ಲಾರಿ ಹೊರಡಬೇಕು.

ಘಾಟಿ ಗೌಡ

ಲಾರಿ ಇಟ್ಟವನು ಹೇಳುತ್ತಿದ್ದೇನೆ. ಮ್ಯಾಪ್ ಹೇಳುವ ಹೊತ್ತು ಕಾರಿನದ್ದು, ಲೋಡ್ ತುಂಬಿದ ಲಾರಿಯದ್ದಲ್ಲ. ಮಳೆಗಾಲದಲ್ಲಿ ಶಿರಾಡಿ ಕುಸಿದರೆ ಲಾರಿ ಎಲ್ಲಿಂದ ಹೋಗಬೇಕು ಅಂತ ನಿಮ್ಮ ಸಾಫ್ಟ್‌ವೇರ್‌ಗೆ ಯಾರು ಹೇಳುತ್ತಾರೆ? ಹಮಾಲರು ಊಟಕ್ಕೆ ಹೋದ ಮೇಲೆ ಲಾರಿ ತಲುಪಿದರೆ ಎರಡು ಗಂಟೆ ಹೋಯ್ತು. ಸಂತೆ ದಿನ ಕೆಲವು ಊರೊಳಗೆ ಹೋಗಲಿಕ್ಕೇ ಆಗಲ್ಲ. ಡ್ರೈವರ್‌ನ ಕೇಳದೆ ಮಾಡಿದ ರೂಟನ್ನು ಡ್ರೈವರ್ ಕೇಳಲ್ಲ.

ಕುಡ್ಲದ ಕೋಡರ್

ಗೌಡ್ರೇ, ಊಟದ ಹೊತ್ತು, ಸಂತೆ ದಿನ ಎಲ್ಲ ಟೈಮ್ ವಿಂಡೋ ಅಂತ ಹಾಕಲು ಬರುತ್ತದೆ. ಕುಸಿದ ರಸ್ತೆಯನ್ನು ಮುಚ್ಚಿದೆ ಅಂತ ಗುರುತಿಸಬಹುದು. ಯಾರಾದರೂ ದಿನಾ ಗುರುತಿಸಬೇಕು, ಅಷ್ಟೇ. ಡ್ರೈವರ್ ವಿಷಯ ನೂರಕ್ಕೆ ನೂರು ನಿಜ.

ಅರ್ಧಂಬರ್ಧ

ಈ ಲೆಕ್ಕವನ್ನೆಲ್ಲ ಬದಲಾಯಿಸಿದ ಕರ್ಮಾರ್ಕರ್ ನಮ್ಮ ಬೆಳಗಾವಿ ಕಡೆಯವರು ಅಂತ ಕೇಳಿದ್ದೆ, ಹೌದಾ?

ಲೆಕ್ಕದ ಮೇಷ್ಟ್ರು

ಅಲ್ಲ ರೀ. ನರೇಂದ್ರ ಕರ್ಮಾರ್ಕರ್ ಹುಟ್ಟಿದ್ದು ಗ್ವಾಲಿಯರ್‌ನಲ್ಲಿ, ಓದಿದ್ದು ಐಐಟಿ ಬಾಂಬೆಯಲ್ಲಿ. 1984ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ತಮ್ಮ ಇಂಟೀರಿಯರ್ ಪಾಯಿಂಟ್ ವಿಧಾನ ಕೊಟ್ಟರು. ಸಿಂಪ್ಲೆಕ್ಸ್‌ನಂತೆ ಅಂಚಿನಲ್ಲಿ ನಡೆಯುವ ಬದಲು ಒಳಗಿನಿಂದಲೇ ಉತ್ತರದ ಕಡೆ ಹೋಗುವ ದಾರಿ. ಸಾಲ್ವರ್ ಬೆಲೆ ಜಾಸ್ತಿ ಅಂತೀರಲ್ಲ, ಎಟಿ ಅಂಡ್ ಟಿ ಕಂಪನಿ ಆ ವಿಧಾನವನ್ನು ಯಂತ್ರದ ಸಮೇತ ಕಾರ್ಬೆಕ್ಸ್ ಅನ್ನುವ ಹೆಸರಲ್ಲಿ ಮಾರಿತು. ಬೆಲೆ 89 ಲಕ್ಷ ಡಾಲರ್! ಈಗ ಆ ಬಗೆಯ ವಿಧಾನ ಹೈಸ್ ಒಳಗೂ ಇದೆ, ಪುಕ್ಕಟೆ.

ವಿಷಯ ಬಂತು ಅಂತ ಇನ್ನೊಂದು. ಡಾಂಟ್‌ಜಿಗ್ ತಮ್ಮ ಊಟವನ್ನೇ ಲೆಕ್ಕಕ್ಕೆ ಹಾಕಿದ್ದರು. ಮೊದಲ ಉತ್ತರದಲ್ಲಿ 500 ಗ್ಯಾಲನ್ ವಿನೆಗರ್ ಬಂತು. ಅದನ್ನು ತೆಗೆದರೆ ದಿನಕ್ಕೆ 200 ಸೂಪ್ ಗಟ್ಟಿ (ಬುಯಾನ್ ಕ್ಯೂಬ್). ಅದಕ್ಕೂ ಮಿತಿ ಹಾಕಿದರೆ ಎರಡು ಪೌಂಡ್ ತೌಡು, ಆಮೇಲೆ ಎರಡು ಪೌಂಡ್ ಕಾಕಂಬಿ.

ಗೋಮಾಳ

ತೌಡು, ಕಾಕಂಬಿ. ಕೊನೆಗೆ ನನ್ನ ಪೇಷಂಟ್ ಆದರು ನೋಡಿ.

ನಿರ್ವಾಹಕ

ನಗು ಸಾಕು, ವಿಷಯಕ್ಕೆ ಬನ್ನಿ.

ಹಿಂಡಿಬೂಸಾ

ಅಪ್‌ಡೇಟ್. ಪಯೋಮೊದಲ್ಲಿ ಮಾಡೆಲ್ ಬರೆದು ಹೈಸ್‌ನಲ್ಲಿ ಓಡಿಸಿದೆವು. ಆರು ಆಹಾರ, 12 ಬಿನ್, ಸ್ಟಾಕ್ ಮಿತಿ ಎಲ್ಲ ಸೇರಿ ಹೆಚ್ಚಿನ ದಿನಗಳ ಡೇಟಾ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಎಂ ಬಿಗಿ ಮಾಡಿದ ಮೇಲೆ ಇನ್ನೂ ಬೇಗ. ಅದೇ ಫೈಲನ್ನು ಗುರೋಬಿಯ ಮಿತಿಯ ಲೈಸೆನ್ಸ್‌ನಲ್ಲಿ ಹೋಲಿಕೆಗೆ ಮಾತ್ರ ಓಡಿಸಿದೆವು. ಅದು ಇನ್ನೂ ವೇಗ, ನಿಜ. ಖರ್ಚಿನ ಅಂಕಿ ಮಾತ್ರ ಅದೇ. ಬೆಳಿಗ್ಗೆ ಒಂದು ಸಲ ಓಡುವ ಲೆಕ್ಕಕ್ಕೆ ಆ ಸೆಕೆಂಡುಗಳಿಗೆ ಲಕ್ಷ ಕೊಡುವುದಿಲ್ಲ ಅಂದರು ಮಾಲೀಕರು.

ಕೆಲವು ದಿನ ಮಾತ್ರ "ಉತ್ತರವೇ ಇಲ್ಲ" ಅಂತ ಬರುತ್ತದೆ. ಯಾವ ಷರತ್ತಿನಿಂದ ಅಂತ ಗೊತ್ತಾಗುತ್ತಿಲ್ಲ.

ಮ್ಯೂನಿಕ್ ಮಂಜಿ

ಇಲ್ಲಿ ದುಡ್ಡಿನ ಸಾಲ್ವರ್‌ಗಳು ಮುಂದೆ. ಒಂದಕ್ಕೊಂದು ಹೊಂದದ ಷರತ್ತುಗಳ ಚಿಕ್ಕ ಗುಂಪನ್ನು ಅವೇ ಹೆಕ್ಕಿ ತೋರಿಸುತ್ತವೆ. ನಿಮಗೆ ಅದು ಬೇಕಾಗಿಲ್ಲ. ಪ್ರತಿ ಪೋಷಕಾಂಶದ ಷರತ್ತಿಗೂ ಒಂದು "ಕೊರತೆ" ಚರ ಸೇರಿಸಿ, ಅದಕ್ಕೆ ದೊಡ್ಡ ದಂಡ ಹಾಕಿ. ಆಗ ಪೋಷಕಾಂಶ ಸಾಲದು ಅಂತ ಲೆಕ್ಕ ನಿಲ್ಲುವುದಿಲ್ಲ. "ಇವತ್ತಿನ ಸ್ಟಾಕ್‌ನಲ್ಲಿ ಎರಡನೇ ಆಹಾರಕ್ಕೆ ಪ್ರೋಟೀನ್ ಇಷ್ಟು ಕಮ್ಮಿ ಬೀಳುತ್ತದೆ" ಅಂತ ಅದೇ ಹೇಳುತ್ತದೆ. ಯೂರಿಯಾ ಮಿತಿಗೆ ಮಾತ್ರ ಈ ಸಡಿಲ ಕೊಡಬೇಡಿ!

ಓಪನ್‌ಸೋರ್ಸ್ ಓಬವ್ವ

ಮಂಜಿ ಅಕ್ಕ ನಮ್ಮ ಪಕ್ಷಕ್ಕೆ ಬಂದರು.

ಮ್ಯೂನಿಕ್ ಮಂಜಿ

ಬಂದಿಲ್ಲ. ಇವರು ನಾಳೆ ಹತ್ತು ಮಿಲ್, ಮೂವತ್ತು ಗೋದಾಮು, ಮೂರು ತಿಂಗಳ ಖರೀದಿ ಒಟ್ಟಿಗೆ ಬಿಡಿಸಲು ಹೋಗಲಿ, ಹೈಸ್ ಶೇ 3 ಗ್ಯಾಪ್‌ನಲ್ಲಿ ನಿಂತುಬಿಡಲಿ. ವರ್ಷಕ್ಕೆ ನೂರು ಕೋಟಿ ಮಾಲು ಕೊಳ್ಳುವವನಿಗೆ ಶೇ 3 ಅಂದರೆ 3 ಕೋಟಿಯವರೆಗೆ ಕೈಬಿಟ್ಟಿರಬಹುದು. ಆವತ್ತು ಕರೆಯಿರಿ ನನ್ನನ್ನು.

ಕೋಳಿಫಾರಂ ಕಿಟ್ಟಿ

ತಡವಾಗಿ ಬಂದೆ. ಇದೇ ಮಾಡೆಲ್ ಕೋಳಿ ಆಹಾರಕ್ಕೂ ನಡೆಯುತ್ತದಾ? ಹಾಗೇ ಕಾಪಿ ಹೊಡೆಯಬಹುದಾ?

ಗೋಮಾಳ

ಲೆಕ್ಕ ನಡೆಯುತ್ತದೆ, ಅಂಕಿ ನಡೆಯುವುದಿಲ್ಲ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾದಿಂದ ಪ್ರೋಟೀನ್ ಮಾಡಿಕೊಳ್ಳುತ್ತವೆ. ಕೋಳಿಗೆ ಆ ಹೊಟ್ಟೆ ಇಲ್ಲ. ಯೂರಿಯಾ ಸಾಲನ್ನೇ ಅಳಿಸಿ. ಬರೀ ಒಟ್ಟು ಪ್ರೋಟೀನ್ ಸಾಲುವುದಿಲ್ಲ, ಲೈಸಿನ್, ಮೆಥಿಯೊನಿನ್ ಅನ್ನುವ ಅಮೈನೋ ಆಮ್ಲಗಳನ್ನು ಬೇರೆ ಬೇರೆ ಷರತ್ತಾಗಿ ಹಾಕಬೇಕು. ಮೊಟ್ಟೆ ಕೋಳಿಯೋ ಮಾಂಸದ ಕೋಳಿಯೋ, ಎಷ್ಟು ವಾರದ್ದು ಅಂತ ಮೊದಲು ಹೇಳಿ.

ಕೋಳಿಫಾರಂ ಕಿಟ್ಟಿ

ಮೊಟ್ಟೆ ಕೋಳಿ ಡಾಕ್ಟ್ರೇ, 30 ವಾರ. ಬೇರೆ ಥ್ರೆಡ್ ತೆಗೆದು ಬರೆಯುತ್ತೇನೆ, ಅಲ್ಲಿಗೆ ಬನ್ನಿ.